ರಾಕ್ ಮೇಳದಲ್ಲಿ ಕಹಳೆಗಳ ಸ್ಥಾನ

ವಿದ್ಯುತ್ ಗಿಟಾರು, ಬಾಸ್ ಗಿಟಾರು ಮತ್ತು ಡ್ರಮ್ಮು, ಹಾರ್ಡ್ ರಾಕ್ ಮೇಳಕ್ಕೆ ಇವಿಷ್ಟೇ ಸಾಕು. ಕಿವಿ ಗಡಚಿಕ್ಕುವ ಸದ್ದಿಗೆ ಅಲ್ಲಿ ಕೊರತೆಯಿಲ್ಲ. ಹೀಗಿರುವಾಗ ಇಂಥ ಮೇಳಕ್ಕೆ ಟ್ರಂಪೆಟ್, ಟ್ರಾಂಬೋನ್ ಮೊದಲಾದ ಹಿತ್ತಾಳೆಯ ಕಹಳೆಗಳನ್ನೂ ಸೇರಿಸುವುದೇಕೆ? 1967ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿ, ಮುಂದೆ ಆ ನಗರದ ಹೆಸರನ್ನೇ ತಳೆದ ಮೇಳವೊಂದು ಈ ಪ್ರಯೋಗದಿಂದ ಪ್ರಸಿದ್ಧವಾಯಿತು. ಟೆರಿ ಕ್ಯಾತ್ ಅವರ ಒರಟು ಗಿಟಾರಿನ ಜೊತೆಗೆ ಲೀ ಲಾಕ್ನೇನ್ ಅವರ ಟ್ರಂಪೆಟ್, ಜೇಮ್ಸ್ ಪ್ಯಾಂಕೋ ಅವರ ಟ್ರಾಂಬೋನ್, ವಾಲ್ಟರ್ ಪ್ಯಾರಜೈಡರ್ ಅವರ ಸ್ಯಾಕ್ಸೊಫೋನ್ ಅಲ್ಲಿ ಸಮನಾಗಿ ನಿಂತವು. ಈ ಕೂಟದ ಹಿಂದಿರುವ ಭೌತವಿಜ್ಞಾನವನ್ನು ವಿಚಾರಿಸೋಣ.

ಸದ್ದು ಹೆಚ್ಚಲೆಂದು ಕಹಳೆಗಳನ್ನು ಸೇರಿಸುತ್ತಾರೆಂದು ತೋರಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಟ್ರಂಪೆಟ್ಟಿಗೆ ಬದಲಾಗಿ ಸಮಬಲದ ಮೂರನ್ನು ಊದಿದರೆ ಶಬ್ದಶಕ್ತಿ ಮೂರು ಪಟ್ಟಾಗುವುದು ನಿಜ. ಆದರೆ ಶಬ್ದದ ಮಟ್ಟ ಏರುವುದು ಸುಮಾರು 5 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾಗಿ ತೋರಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಗಿಟಾರಿನ ಆಂಪ್ಲಿಫೈಯರಿನ ಗುಂಡಿಯನ್ನು ತಿರುಗಿಸಿದರೆ ಆ ಕೆಲಸ ಸುಲಭವಾಗಿ ಆಗುತ್ತದೆ. ಆದುದರಿಂದ ಕಾರಣವನ್ನು ಬೇರೆಡೆ ಹುಡುಕಬೇಕು.

ಗಿಟಾರು ಬಿಟ್ಟ ಗಾಂಧಾರ

ಹಾರ್ಡ್ ರಾಕ್ ಗಿಟಾರಿನ ಒರಟು ನಾದಕ್ಕೆ ಮೂಲ, ಆಂಪ್ಲಿಫೈಯರಿನ ಮೇಲೆ ಬೇಕೆಂದೇ ಹೇರಿದ ಅತಿಭಾರ. ತಾಳಲಾರದಷ್ಟು ದೊಡ್ಡ ತರಂಗ ಬಂದಾಗ ಅದು ತರಂಗದ ಶಿಖರಗಳನ್ನು ಕತ್ತರಿಸಿಬಿಡುತ್ತದೆ. ಇದರಿಂದ ಹೊಸ ಉಪಸ್ವರಗಳು ಹುಟ್ಟುತ್ತವೆ. ಅಷ್ಟೇ ಅಲ್ಲ, ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸರಿಯಾದ ಸ್ವರಗಳೂ ಅಲ್ಲಿ ಏಳುತ್ತವೆ.

ಷಡ್ಜದ ಕಂಪನಸಂಖ್ಯೆ ಸೆಕೆಂಡಿಗೆ 220 ಎಂದಿಟ್ಟುಕೊಳ್ಳಿ. ಗಿಟಾರಿನಲ್ಲಿ ಅದರ ಪಂಚಮ 329.6. ಇವುಗಳ ವ್ಯತ್ಯಾಸ 109.6; ಇದು ಮಂದ್ರ ಷಡ್ಜವಾದ 110ಕ್ಕೆ ಬಹು ಸಮೀಪ. ಆದುದರಿಂದ ಷಡ್ಜ-ಪಂಚಮಗಳ ಜೋಡಿ ಎಷ್ಟು ಒರಟಾದರೂ ಗಂಭೀರವಾಗಿಯೇ ಕೇಳಿಸುತ್ತದೆ. ಈಗ ನಡುವೆ ಅಂತರ ಗಾಂಧಾರವನ್ನು, ಎಂದರೆ 277.2ನ್ನು, ಸೇರಿಸಿ ನೋಡಿ. ಗಾಂಧಾರ-ಷಡ್ಜಗಳ ವ್ಯತ್ಯಾಸ 57.2, ಪಂಚಮ-ಗಾಂಧಾರಗಳ ವ್ಯತ್ಯಾಸ 52.4. ಒಂದಕ್ಕೊಂದು ಹತ್ತಿರವಿದ್ದೂ ಸೇರದ ಈ ಎರಡು ಮಂದ್ರಸ್ವರಗಳು ಸೆಕೆಂಡಿಗೆ ಸುಮಾರು ಐದು ಸಲ ಏರಿಳಿದು ಗುರುಗುಟ್ಟುತ್ತವೆ. ಇದನ್ನು ತಪ್ಪಿಸಲೆಂದೇ ರಾಕ್ ಗಿಟಾರು ವಾದಕರು ಬಹುಮಟ್ಟಿಗೆ ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮಗಳನ್ನಷ್ಟೇ ಮೀಟುತ್ತಾರೆ.

ಕಹಳೆಗಳಿಗೆ ತೆರವಾಗಿರುವ ಸ್ಥಾನ ಇದೇ. ಟ್ರಾಂಬೋನ್ ಗಾಂಧಾರವನ್ನು ಊದಿದಾಗ ಅದು ಗಿಟಾರಿನ ಆಂಪ್ಲಿಫೈಯರನ್ನು ಹೊಗುವುದೇ ಇಲ್ಲ. ಸಭಾಂಗಣದ ಗಾಳಿಯಲ್ಲಿ ಎರಡು ತರಂಗಗಳು ಒಂದನ್ನೊಂದು ಕೆಡಿಸದೆ ಹಾದುಹೋಗುತ್ತವೆ. ಮೇಲಾಗಿ, ಗಿಟಾರಿನ ಗಾಂಧಾರ ಮೆಟ್ಟಿಲಿಗೆ ಕಟ್ಟುಬಿದ್ದದ್ದು. ಟ್ರಾಂಬೋನ್ ವಾದಕನಾದರೋ ಕೊಳವೆಯನ್ನು ತುಸು ಸರಿಸಿ ಶುದ್ಧವಾದ 275ರಲ್ಲಿ ನಿಲ್ಲಬಲ್ಲ. ಆಗ ಅವನ ಸ್ವರದ ನಾಲ್ಮಡಿಯೂ ಗಿಟಾರಿನ ಷಡ್ಜದ ಐದ್ಮಡಿಯೂ 1100ರಲ್ಲಿ ಕೂಡುತ್ತವೆ. ತಂಬೂರಿಯ ಷಡ್ಜದಲ್ಲಿ ಗಾಂಧಾರ ತಾನಾಗಿ ಕೇಳಿಬರುವುದನ್ನು ಗಮನಿಸಿದವರಿಗೆ ಈ ಹೊಂದಿಕೆ ಹೊಸದಲ್ಲ.

ಕೊಳವೆಯೊಳಗಿನ ಆಘಾತ ತರಂಗ

ಗಿಟಾರಿನ ಒರಟುತನದ ಎದುರಿಗೆ ಕಹಳೆಯ ನಾದ ಸಪ್ಪೆಯಾಗಿ ತೋರದಿರುವುದಕ್ಕೂ ಕಾರಣವಿದೆ. ಟ್ರಾಂಬೋನಿನ ಕೊಳವೆ ಸುಮಾರು 2.7 ಮೀಟರ್ ಉದ್ದ. ಬಲವಾಗಿ ಊದಿದಾಗ ಅದರ ಬಾಯಿಯಲ್ಲಿ ಒತ್ತಡದ ಏರಿಳಿತ ವಾತಾವರಣದ ಒತ್ತಡದ ಹತ್ತನೆಯ ಒಂದು ಭಾಗವನ್ನು ಸಮೀಪಿಸಬಹುದು. ಇಂಥ ತರಂಗದ ಶಿಖರದಲ್ಲಿ ಗಾಳಿ ಒತ್ತಡದಿಂದ ಬಿಸಿಯಾಗಿರುತ್ತದೆ; ಮುಂದಕ್ಕೆ ಚಲಿಸುತ್ತಲೂ ಇರುತ್ತದೆ. ಆದುದರಿಂದ ಶಿಖರವು ತಗ್ಗಿಗಿಂತ ವೇಗವಾಗಿ ಓಡಿ, ತರಂಗದ ಮುಂಭಾಗ ಗೋಡೆಯಂತೆ ಕಡಿದಾಗುತ್ತದೆ. 1996ರಲ್ಲಿ ಹಿರ್ಷ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು, ಟ್ರಾಂಬೋನಿನಲ್ಲಿ ಇದು ಆಘಾತ ತರಂಗದ ಮಟ್ಟವನ್ನೇ ಮುಟ್ಟುವುದೆಂದು ತೋರಿಸಿದರು. ಕಡಿದಾದ ತರಂಗದಲ್ಲಿ ಉಚ್ಚ ಉಪಸ್ವರಗಳು ಹೇರಳ. ಕಹಳೆಯ ಲೋಹದಂಥ ಹೊಳಪಿಗೆ ಮುಖ್ಯ ಕಾರಣ ಇದೇ ಹೊರತು ಹಿತ್ತಾಳೆಯಲ್ಲ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡ ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದೇ. ಆದರೆ ತುಟಿಯ ಬದಲು ಪೀಪಿ ಅದನ್ನು ನುಡಿಸುತ್ತದೆ, ಕೊಳವೆಯೂ ಶಂಕುವಿನಾಕಾರದ್ದು. ಅದರ ನಾದಗುಣವೇ ಬೇರೆ.

ಶ್ರುತಿಯ ತೊಡಕು

ಈ ಕೂಟಕ್ಕೆ ಎರಡು ಅಡ್ಡಿಗಳುಂಟು. ಮೊದಲನೆಯದು ಉಷ್ಣತೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್. 30 ಡಿಗ್ರಿಯಲ್ಲಿ 349. ಕೊಳವೆಯೊಳಗಿನ ಗಾಳಿ ಇಷ್ಟು ಕಾದರೆ 440ರ ಸ್ವರ 447ನ್ನು ದಾಟುತ್ತದೆ. ವೇದಿಕೆಯ ದೀಪಗಳ ಶಾಖಕ್ಕೆ ಗಿಟಾರಿನ ತಂತಿಗಳಾದರೋ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಆದುದರಿಂದ ಕಹಳೆಯನ್ನು ಕೆಲವು ನಿಮಿಷ ಊದಿ ಬೆಚ್ಚಗೆ ಮಾಡಿದ ಮೇಲೆಯೇ ಶ್ರುತಿ ಕೂಡಿಸಬೇಕು.

ಎರಡನೆಯದು ಆಧಾರಸ್ವರದ ಆಯ್ಕೆ. ಗಿಟಾರಿನ ಅತಿಮಂದ್ರ ತಂತಿ ‘ಇ’ ಸ್ವರದ್ದಾದುದರಿಂದ ರಾಕ್ ಗೀತೆಗಳಲ್ಲಿ ಅನೇಕವು ಅದನ್ನೇ ಆಧಾರವಾಗಿ ಹಿಡಿಯುತ್ತವೆ. ‘ಬಿ ಫ್ಲ್ಯಾಟ್’ ಟ್ರಂಪೆಟ್ ವಾದಕನು ಆಗ ಆರು ಶಾರ್ಪ್ ಚಿಹ್ನೆಗಳ ಶ್ರೇಣಿಯಲ್ಲಿ ಬೆರಳಾಡಿಸಬೇಕಾಗುತ್ತದೆ. ಗಿಟಾರುಗಳನ್ನು ಅರ್ಧಸ್ವರ ಇಳಿಸಿಕೊಂಡರೆ ಅವನಿಗೆ ಉಳಿಯುವುದು ಒಂದೇ ಫ್ಲ್ಯಾಟ್ ಚಿಹ್ನೆ. ಗಿಟಾರು ವಾದಕರ ಬೆರಳುಗಳು ಮಾತ್ರ ಮೊದಲಿನಂತೆಯೇ ಓಡುತ್ತವೆ.

ಕಿವಿಯ ಲೆಕ್ಕ

ಇಂಥ ಮೇಳ ಕಟ್ಟಬೇಕೆನ್ನುವ ವಿದ್ಯಾರ್ಥಿಗಳು ಮತ್ತೊಂದು ಲೆಕ್ಕವನ್ನು ಮರೆಯಬಾರದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದೂ, ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗಬೇಕೆಂದೂ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸು. ಇದರಂತೆ 100 ಡೆಸಿಬೆಲ್‌ನಲ್ಲಿ ದೊರೆಯುವುದು ಕೇವಲ 15 ನಿಮಿಷ. ಒಳಕಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಹೋದ ಶ್ರವಣಶಕ್ತಿಯೂ ಮರಳುವುದಿಲ್ಲ. ಟ್ರಂಪೆಟ್ಟಿನ ಬಾಯಿಂದ ಉಚ್ಚ ಸ್ವರಗಳು ನೇರವಾಗಿ ಮುಂದಕ್ಕೆ ಹೊಮ್ಮುವುದರಿಂದ ಅದರ ಎದುರಿಗೆ ನಿಂತವನಿಗೆ ಅಪಾಯ ಹೆಚ್ಚು. ಆದುದರಿಂದ ಕಹಳೆಗಳು ಬಂದ ದಿನ ಗಿಟಾರಿನ ಗುಂಡಿಯನ್ನು ಏರಿಸಬೇಡಿ, ತುಸು ಇಳಿಸಿರಿ. ಗಾಂಧಾರ ಸ್ಪಷ್ಟವಾಗಿ ಕೇಳಿಬಂದರೆ ಮೇಳ ತುಂಬಿತೆಂದೇ ತಿಳಿಯಬಹುದು.