ನೆಲ ಅಗೆಯಲಾಗದ ಊರಿನಲ್ಲಿ ಶೌಚಾಲಯ

ಮಲೇಷ್ಯಾದ ಪೆರಾಕ್ ರಾಜ್ಯದ ಅತಿ ದೊಡ್ಡ ಜಿಲ್ಲೆ ಹುಲು ಪೆರಾಕ್. ಉತ್ತರಕ್ಕೆ ಥಾಯ್ಲೆಂಡ್ ಗಡಿ, ಪೂರ್ವಕ್ಕೆ ಬೆಲುಮ್–ತೆಮೆಂಗೊರ್ ಮಳೆಕಾಡು, ನಡುವೆ ಪೆರಾಕ್ ನದಿ. ಗೆರಿಕ್, ಪೆಂಗ್ಕಾಲನ್ ಹುಲು, ಲೆಂಗೊಂಗ್ ಇಲ್ಲಿನ ಪೇಟೆಗಳು. ಉಪ್ಪು ಮತ್ತು ಹುರಿದ ಅಕ್ಕಿ ಬೆರೆಸಿ ಹುಳಿಬರಿಸಿದ ಹೊಳೆಮೀನು ‘ಪೆಕಾಸಮ್’ಗೆ ಲೆಂಗೊಂಗ್ ಹೆಸರುವಾಸಿ. ಅದಕ್ಕಿಂತ ದೊಡ್ಡ ಹೆಸರನ್ನು ತಂದುಕೊಟ್ಟದ್ದು ಅದರ ಮಣ್ಣು.

1991ರಲ್ಲಿ ಇಲ್ಲಿನ ಗುವಾ ಗುನುಂಗ್ ರುಂತುಹ್ ಎಂಬ ಗುಹೆಯಲ್ಲಿ ಪುರಾತತ್ವಜ್ಞೆ ಜುರೈನಾ ಮಜೀದ್ ಅವರ ತಂಡಕ್ಕೆ ಒಂದು ಅಸ್ಥಿಪಂಜರ ಸಿಕ್ಕಿತು. ಸುಮಾರು ಹತ್ತು ಸಾವಿರ ವರ್ಷ ಹಿಂದಿನ ಆ ಮನುಷ್ಯನನ್ನು ಕೈಕಾಲು ಮಡಚಿ, ಗರ್ಭದಲ್ಲಿರುವ ಕೂಸಿನ ಭಂಗಿಯಲ್ಲಿ ಮಲಗಿಸಿದ್ದರು. ಜೊತೆಗೆ ಕಲ್ಲಿನ ಉಪಕರಣ, ಮಾಂಸ, ಚಿಪ್ಪುಜೀವಿಗಳ ಎಡೆ. ಅವನ ಎಡಗೈ ಬೆರಳುಗಳು ಹುಟ್ಟಿನಿಂದಲೇ ಗಿಡ್ಡ. ಬೇಟೆಯಾಡಿ ಬದುಕುವ ಗುಂಪಿನಲ್ಲಿ ಇಂಥ ಕೈಯಿದ್ದವನು ನಡುವಯಸ್ಸಿನವರೆಗೆ ಬಾಳಿದ, ಸತ್ತಾಗ ಗೌರವದಿಂದ ಮಣ್ಣಾದ. ಆ ಗುಂಪು ಅವನನ್ನು ಕೈಬಿಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಇಂದು ಅವನನ್ನು ‘ಪೆರಾಕ್ ಮಾನವ’ ಎನ್ನುತ್ತಾರೆ.

ಲೆಂಗೊಂಗ್ ಕಣಿವೆಯ ಕೋಟಾ ತಂಪಾನ್‌ನಲ್ಲಿ ಆದಿಮಾನವರ ಕಲ್ಲುಕೆಲಸದ ಕಾರ್ಯಾಗಾರವೇ ಸಿಕ್ಕಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಉಗುಳಿದ ಬೂದಿಯೂ ಅಲ್ಲಿದೆ. ಬುಕಿತ್ ಬುನುಹ್‌ನಲ್ಲಿ ಉಲ್ಕಾಪಾತದಿಂದ ಉಂಟಾದ ಬಂಡೆಯೊಳಗೆ ಸಿಕ್ಕ ಕೈಕೊಡಲಿಗಳಿಗೆ ಸಂಶೋಧಕರು ಅಂದಾಜಿಸಿರುವ ವಯಸ್ಸು 18.3 ಲಕ್ಷ ವರ್ಷ. 2012ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ ಊರಿಗೆ ಜನ ಬರುತ್ತಾರೆ. ಶಾಲಾ ಮಕ್ಕಳು, ಮುದುಕರು, ಗರ್ಭಿಣಿಯರು ಎಲ್ಲರೂ. ಅವರಿಗೆ ಶೌಚಾಲಯ ಬೇಕೇ ಬೇಕು. ಆದರೆ ಇಲ್ಲಿ ಕಂಡಲ್ಲಿ ಗುಂಡಿ ತೋಡುವಂತಿಲ್ಲ. ಪದರ ಪದರವಾಗಿ ಕೂತ ಮಣ್ಣೇ ಇಲ್ಲಿನ ದಾಖಲೆ. ಒಮ್ಮೆ ಕಲಕಿದರೆ ಯಾವ ಕಲ್ಲು ಯಾವ ಕಾಲದ್ದೆಂದು ಹೇಳುವುದು ಕಷ್ಟ. ಇನ್ನೊಂದು ಕಾರಣ ಇಲ್ಲಿನ ಸುಣ್ಣಕಲ್ಲು. ಅದರ ಬಿರುಕುಗಳಲ್ಲಿ ಇಳಿದ ಕೊಳಚೆ ಹೆಚ್ಚು ಸೋಸಿಕೊಳ್ಳದೆ ಬೇಗನೆ ಅಂತರ್ಜಲ ಸೇರುತ್ತದೆ.

ಇಂಥ ಕಡೆ ಬಾಡಿಗೆಯ ಸಂಚಾರಿ ಶೌಚಾಲಯದ ಬೆಲೆ ತಿಳಿಯುತ್ತದೆ. ಲಾರಿಯಲ್ಲಿ ಬರುವ ಪ್ಲಾಸ್ಟಿಕ್ ಕೋಣೆ ಸಮತಟ್ಟಾದ ಜಾಗದಲ್ಲಿ ನಿಂತರಾಯಿತು, ಅಡಿಪಾಯ ಬೇಡ. ಕೆಳಗಿನ ತೊಟ್ಟಿಯಲ್ಲಿರುವ ನೀಲಿ ದ್ರಾವಣ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಮೇಲಕ್ಕೆ ಹೋದ ಕೊಳವೆ ಗಾಳಿಯನ್ನು ಹೊರಹಾಕುತ್ತದೆ. ತೊಟ್ಟಿ ತುಂಬುವ ಮೊದಲು ಟ್ಯಾಂಕರ್ ಬಂದು ಹೀರಿಕೊಂಡು ಸಂಸ್ಕರಣಾ ಘಟಕಕ್ಕೆ ಒಯ್ಯಬೇಕು. ಹಳ್ಳಿಯ ಮದುವೆಯ ‘ಕೆಂಡುರಿ’ ಊಟಕ್ಕೂ, ತಮಿಳರ ತೈಪೂಸಂ ಜಾತ್ರೆಗೂ, ಪ್ರವಾಹದ ನೆರವಿಗೂ ಇದೇ ಏರ್ಪಾಡು ಒದಗುತ್ತದೆ.

ಅಮೆರಿಕದ ಮಾದರಿಯನ್ನು ಹಾಗೇ ತಂದಿಟ್ಟರೆ ಮಲೇಷ್ಯಾದಲ್ಲಿ ನಡೆಯದು. ಅಲ್ಲಿ ಕಾಗದ, ಇಲ್ಲಿ ನೀರು. ಮಲಯ್ ಮುಸ್ಲಿಮರಿಗೂ ತಮಿಳರಿಗೂ ತೊಳೆದುಕೊಳ್ಳದೆ ಆಗದು. ಆದ್ದರಿಂದ ನೀರಿನ ತೊಟ್ಟಿ, ಪೈಪು, ಎಷ್ಟೋ ಕಡೆ ಕುಕ್ಕರಗಾಲಲ್ಲಿ ಕೂರುವ ಪ್ಯಾನು ಇರುವ ಕೋಣೆಗಳನ್ನೇ ಇಡುತ್ತಾರೆ. ನೀರು ಹೆಚ್ಚಿದಷ್ಟೂ ತೊಟ್ಟಿ ಬೇಗ ತುಂಬುತ್ತದೆ, ಟ್ಯಾಂಕರ್ ಹೆಚ್ಚು ಸಲ ಬರಬೇಕು, ಖರ್ಚೂ ಏರುತ್ತದೆ. ಗುಡ್ಡಗಾಡಿನ ಜಿಲ್ಲೆಯಲ್ಲಿ ದಾರಿಯೂ ದೂರ.

ಕನ್ನಡಿಗರಿಗೆ ಈ ಲೆಕ್ಕ ಹೊಸದಲ್ಲ. 1986ರಲ್ಲೇ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿಯ ನೆಲದಡಿಯೂ ವಿಜಯನಗರದ ಅವಶೇಷಗಳಿವೆ. ಉತ್ಸವಕ್ಕೆ ಅಲ್ಲಿಗೂ ಸಂಚಾರಿ ಶೌಚಾಲಯಗಳನ್ನು ತರಿಸುತ್ತಾರೆ. ಎಷ್ಟು ಕೋಣೆ ಇಟ್ಟೆವು ಎಂದು ಎಣಿಸುವುದು ಸುಲಭ. ನೀರು ತುಂಬಿಸುವವರು ಯಾರು, ಟ್ಯಾಂಕರ್ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ರಾತ್ರಿ ಹೆಂಗಸರ ಸಾಲಿನ ಬಳಿ ದೀಪ ಉರಿಯುತ್ತದೆಯೇ, ತೆಗೆದ ಕೊಳಚೆ ಘಟಕ ಮುಟ್ಟಿತೇ ಇಲ್ಲ ಹಳ್ಳ ಸೇರಿತೇ ಎಂಬುದನ್ನೂ ಬಾಡಿಗೆಯ ಕರಾರಿನಲ್ಲೇ ಬರೆಸಿಕೊಳ್ಳಬೇಕು.