ಬೆಳ್ಳಿ ಕ್ರಿಮಿ ಕೊಲ್ಲುವುದು ನಿಜ, ಆದರೆ ಎಲ್ಲಿ?

ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಮುಂಬಯಿಗೆ ಹೊಸತಲ್ಲ. ಕೊನೆಯ ಅಸ್ತ್ರವೆಂದು ಎತ್ತಿಟ್ಟ ಕಾರ್ಬಪೆನಮ್ ಔಷಧಗಳನ್ನೂ ಕೆಡಿಸುವ ಎನ್‌ಡಿಎಂ-1 ಕಿಣ್ವ ತಮ್ಮಲ್ಲಿ ಸಿಕ್ಕಿದ್ದನ್ನು ಹಿಂದುಜಾ ಆಸ್ಪತ್ರೆಯ ವೈದ್ಯರು 2010ರಲ್ಲೇ ಪ್ರಕಟಿಸಿದ್ದರು. ಇಂಥ ರೋಗಾಣುಗಳ ಮಾತು ಬಂದಾಗಲೆಲ್ಲ ಬೆಳ್ಳಿಯ ನ್ಯಾನೋ ಕಣಗಳ ಹೆಸರೂ ಬರುತ್ತದೆ. ಜತೆಗೆ ಒಂದಿಷ್ಟು ಅರ್ಧಸತ್ಯಗಳೂ ಓಡಾಡುತ್ತವೆ.

ನಂಬಿಕೆ: ಬೆಳ್ಳಿ ಲೋಟದ ನೀರೂ ನ್ಯಾನೋ ಬೆಳ್ಳಿಯೂ ಒಂದೇ.

ವಾಸ್ತವ: ಕ್ರಿಮಿಯನ್ನು ಕೊಲ್ಲುವುದು ಮುಖ್ಯವಾಗಿ ಲೋಹದ ಮೇಲ್ಮೈಯಿಂದ ಕಳಚಿಕೊಳ್ಳುವ ಬೆಳ್ಳಿಯ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು. ಅದು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಹೊರಪೊರೆಯನ್ನು ಹಾಳುಮಾಡುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಅಯಾನು ಹೆಚ್ಚು. ಒಂದು ಗ್ರಾಂ ಬೆಳ್ಳಿಯ ಘನಕ್ಕೆ ಸುಮಾರು 1.25 ಚದರ ಸೆಂ.ಮೀ. ಮೇಲ್ಮೈ. ಅದೇ ಒಂದು ಗ್ರಾಂ 10 ನ್ಯಾನೋಮೀಟರಿನ ಕಣಗಳಾದರೆ ಸುಮಾರು 57 ಚದರ ಮೀಟರ್. ಡೊಂಬಿವಲಿಯ 600 ಚದರಡಿ ಫ್ಲಾಟಿನ ನೆಲಕ್ಕೆ ಹಾಸುವಷ್ಟು! ಲೋಟದ ಬೆಳ್ಳಿಗೆ ಈ ಶಕ್ತಿ ಎಲ್ಲಿಂದ ಬರಬೇಕು?

ನಂಬಿಕೆ: ಬೆಳ್ಳಿಯ ದ್ರಾವಣ ಕುಡಿದರೆ ಒಳಗಿನ ಸೋಂಕೂ ವಾಸಿಯಾಗುತ್ತದೆ.

ವಾಸ್ತವ: ಇಲ್ಲ. ಗಾಯದ ಮೇಲೆ ಬೆಳ್ಳಿಗೆ ಕೆಲಸವಿದೆ. ಸುಟ್ಟಗಾಯಕ್ಕೆ ಸಿಲ್ವರ್ ಸಲ್ಫಾಡಯಜೀನ್ ಮುಲಾಮು 1968ರಿಂದ ಬಳಕೆಗೆ ಬಂತು. ಆದರೆ ನ್ಯಾನೋ ಬೆಳ್ಳಿಯ ಪಟ್ಟಿ ಕಟ್ಟುವಾಗ ದಾದಿಯರ ಕೈಯನ್ನು ಗಮನಿಸಿ: ಪಟ್ಟಿಯನ್ನು ಶುದ್ಧೀಕರಿಸಿದ ಬರಿ ನೀರಿನಲ್ಲಿ ನೆನೆಸುತ್ತಾರೆ, ಸಲೈನ್‌ನಲ್ಲಿ ಅಲ್ಲ. ಉಪ್ಪಿನ ಕ್ಲೋರೈಡ್ ಬೆಳ್ಳಿಯ ಅಯಾನನ್ನು ಹಿಡಿದು ಕೂರಿಸಿಬಿಡುತ್ತದೆ. ನಮ್ಮ ರಕ್ತದಲ್ಲಿ ಕ್ಲೋರೈಡೂ ಇದೆ, ಬೆಳ್ಳಿಯನ್ನು ಕಟ್ಟಿಹಾಕುವ ಪ್ರೋಟೀನೂ ಇದೆ. ಕುಡಿದ ಬೆಳ್ಳಿ ರೋಗಾಣುವನ್ನು ಮುಟ್ಟುವ ಬದಲು ಚರ್ಮದಡಿ ಸೇರಿಕೊಂಡರೆ ಮೈಬಣ್ಣ ಶಾಶ್ವತವಾಗಿ ನೀಲಿ-ಬೂದು ಆಗುತ್ತದೆ. ಇದಕ್ಕೆ ಆರ್ಜೀರಿಯಾ ಎನ್ನುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇಂಥ ದ್ರಾವಣಗಳನ್ನು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದು ಎಂದಿತು.

ನಂಬಿಕೆ: ಬ್ಯಾಕ್ಟೀರಿಯಾ ಬೆಳ್ಳಿಗೆ ಎಂದೂ ಒಗ್ಗಿಕೊಳ್ಳಲಾರದು.

ವಾಸ್ತವ: ಒಗ್ಗಿಕೊಂಡಾಗಿದೆ. ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಬಾಸ್ಟನ್‌ನ ಸುಟ್ಟಗಾಯದ ವಾರ್ಡಿನಲ್ಲಿ ಹರಡಿದ್ದು 1975ರಲ್ಲೇ ವರದಿಯಾಯಿತು. ನ್ಯಾನೋ ಕಣಗಳಿಗೂ ಬ್ಯಾಕ್ಟೀರಿಯಾ ಉಪಾಯ ಹುಡುಕಿಕೊಂಡಿತು: ಈಜಲು ಬಳಸುವ ಬಾಲದ ಪ್ರೋಟೀನನ್ನು ಹೊರಗೆ ಸ್ರವಿಸಿ, ಕಣಗಳು ಗುಂಪುಗಟ್ಟಿ ತಳ ಸೇರುವಂತೆ ಮಾಡುತ್ತದೆ. ಚೆಕ್ ವಿಜ್ಞಾನಿಗಳು 2018ರಲ್ಲಿ ಇದನ್ನು ಇ. ಕೋಲಿ ಮತ್ತು ಸ್ಯೂಡೋಮೋನಾಸ್‌ನಲ್ಲಿ ಕಂಡರು. ಕಾಲುಚೀಲ, ಒಳಉಡುಪಿಗೆಲ್ಲ ಬೆಳ್ಳಿ ಲೇಪಿಸುವ ಫ್ಯಾಷನ್ ಬಗ್ಗೆ ಯೋಚಿಸಬೇಕಾದದ್ದು ಇದಕ್ಕಾಗಿಯೇ. ಒಗೆದಾಗ ಬೆಳ್ಳಿ ಸ್ವಲ್ಪ ಸ್ವಲ್ಪವಾಗಿ ಚರಂಡಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಕ್ಕೂ ಒಗ್ಗಿಕೊಳ್ಳಲು ಅವಕಾಶ ಕೊಡಬಹುದು.

ನಂಬಿಕೆ: ಗಿಡಮೂಲಿಕೆಯಿಂದ ಮಾಡಿದ ನ್ಯಾನೋ ಕಣ ನಿರಪಾಯ.

ವಾಸ್ತವ: ಸಸ್ಯರಸ ಲೋಹದ ಲವಣವನ್ನು ಕಣವಾಗಿಸಲು ನೆರವಾಗುತ್ತದೆ, ಕಣಕ್ಕೆ ಹೊದಿಕೆಯೂ ಆಗುತ್ತದೆ. ಹಾಗೆಂದು ಬೆಳ್ಳಿ ಸೊಪ್ಪಾಗುವುದಿಲ್ಲ. ಎಷ್ಟು ಪ್ರಮಾಣ, ಎಷ್ಟು ದಿನ, ಮೈಯ ಯಾವ ಭಾಗಕ್ಕೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ರಿಮಿ ಸತ್ತ ಮಾತ್ರಕ್ಕೆ ಔಷಧ ಸಿದ್ಧವಾಯಿತೆಂದಲ್ಲ.

ನಂಬಿಕೆ: ಬೆಳ್ಳಿಯ ಫಿಲ್ಟರ್ ಇದ್ದರೆ ಯಾವ ನೀರಾದರೂ ಸರಿ.

ವಾಸ್ತವ: 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರ್ ಭತ್ತದ ಹೊಟ್ಟಿನ ಬೂದಿಗೆ ನ್ಯಾನೋ ಬೆಳ್ಳಿ ಸೇರಿಸಿ ಬ್ಯಾಕ್ಟೀರಿಯಾ ತಡೆಯುವ ಅಗ್ಗದ ದಾರಿ ತೋರಿಸಿತು. ಆದರೆ ಬೆಳ್ಳಿಯ ಕೆಲಸ ನಿಧಾನ. ವೈರಸ್, ಅಮೀಬಾದಂಥವುಗಳ ಮೇಲೆ ಅದರ ಪ್ರಭಾವ ನೆಚ್ಚುವಂತಿಲ್ಲ. ನೀರಿನಲ್ಲಿ ಕರಗಿದ ಕಾರ್ಖಾನೆಯ ರಾಸಾಯನಿಕವನ್ನು ಬೆಳ್ಳಿ ಕ್ರಿಮಿಯಂತೆ ಕೊಲ್ಲಲಾರದು. ಕಲ್ಯಾಣದಲ್ಲಿ ಟ್ಯಾಂಕರ್ ನೀರು ತರಿಸಿದ ದಿನ ಕ್ರಿಮಿಗಳ ಮಟ್ಟಿಗೆ ಕುದಿಸಿ ಕುಡಿಯುವುದೇ ಲೇಸು; ರಾಸಾಯನಿಕ ಮಾತ್ರ ಕುದಿಸಿದರೂ ಹೋಗದು.

ಸುಟ್ಟಗಾಯ ದೊಡ್ಡದಾದರೆ ಮುಲಾಮು ಹುಡುಕುತ್ತ ಕೂರಬೇಡಿ. ಐರೋಲಿಯ ನ್ಯಾಶನಲ್ ಬರ್ನ್ಸ್ ಸೆಂಟರ್ ಇಂಥ ಗಾಯಗಳಿಗೆಂದೇ ಇರುವ ಆಸ್ಪತ್ರೆ. ಹಾಗೆಯೇ ಆ್ಯಂಟಿಬಯೋಟಿಕ್‌ನಂಥ, ಕೆಂಪು ಗೆರೆಯ ಸ್ಟ್ರಿಪ್ಪಿನ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವುದು ಅಂಥ ಬೇಕಾಬಿಟ್ಟಿ ಬಳಕೆಯಿಂದ. ಬೆಳ್ಳಿಯನ್ನೂ ಅದೇ ರೀತಿ ಬಳಸಿದರೆ ಅದೂ ಕೈಕೊಡುತ್ತದೆ.