ಶೇಕ್ಸ್‌ಪಿಯರನ ಹೆಸರಿಲ್ಲದ ಮಂದಿ

ಶೇಕ್ಸ್‌ಪಿಯರನ ನಾಟಕಗಳು ಯಾಕೆ ಹಿಡಿಸುತ್ತವೆ ಎಂಬ ಪ್ರಶ್ನೆಗೆ ನಮ್ಮ ವಿಮರ್ಶೆಯಲ್ಲಿ ಬಹಳ ದಿನದಿಂದ ಒಂದೇ ಉತ್ತರ ಚಾಲ್ತಿಯಲ್ಲಿದೆ: ಆತ ಮನುಷ್ಯ ಸ್ವಭಾವವನ್ನು ಪೂರ್ತಿ ಬಲ್ಲವನು, ದೇಶಕಾಲಗಳನ್ನು ಮೀರಿದವನು. ಈ ಮಾತನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ 'ಮನುಷ್ಯ' ಅಂದಾಗ ಯಾರ್ಯಾರನ್ನು ಎಣಿಕೆಗೆ ಹಿಡಿದೀರಿ ಎಂದು ಕೇಳುವುದು ದಲಿತ ವಿಮರ್ಶೆಯ ಮೊದಲ ಕೆಲಸ. ರಾಜನ ಸಂಶಯ, ರಾಣಿಯ ಪಾಪ, ಸೇನಾಪತಿಯ ಆಸೆ ಇವೇ ಮನುಷ್ಯನ ಪೂರ್ತಿ ಸ್ವಭಾವವಾದರೆ, ಅರಮನೆಯ ಹೊಸ್ತಿಲನ್ನೇ ತುಳಿಯದ ಕೇರಿಯವನಿಗೆ ಅವುಗಳಿಂದ ಆಗಬೇಕಾದ್ದೇನು? ಹೀಗಿದ್ದೂ ಈ ನಾಟಕಗಳು ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ನಿಲ್ಲಿಸುವ ಜಾಗ ಮಾತ್ರ ಬೇರೆ. ಆ ಜಾಗ ಯಾವುದು ಎಂದು ನಾಲ್ಕು ನಾಟಕಗಳ ಮೂಲಕ ತೋರಿಸುವುದು ಈ ಬರಹದ ಉದ್ದೇಶ.

ಮೊದಲು ನಾವು ಎಲ್ಲಿ ಕೂತು ಓದುತ್ತೇವೆ ಅನ್ನೋದನ್ನ ಹೇಳಬೇಕು. ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳಿಂದ ಬೆಳೆದ ಕ್ಯಾಂಪು. ಇಲ್ಲಿ ಇಂಗ್ಲಿಷು ಅಂದರೆ ಟೆಂಡರಿನ ಭಾಷೆ, ನಕಾಶೆಯ ಭಾಷೆ, ಸಾಹೇಬರ ಭಾಷೆ. ಮಗ್ಗುಲಿನ ಸುರಪುರಕ್ಕೆ ಅದು 1840ರ ದಶಕದಲ್ಲೇ ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿಯ ಸಂಗಡ ಬಂದಿತ್ತು. ಈ ಟೇಲರ್ 1839ರಲ್ಲೇ ಠಕ್ಕರ ಬಗ್ಗೆ ಕಾದಂಬರಿ ಬರೆದು ಹೆಸರು ಮಾಡಿದವನು. ಆದರೇನು, ಆಡಳಿತ ಬಂತೇ ಹೊರತು ಪುಸ್ತಕ ಕೇರಿಗೆ ಇಳಿಯಲಿಲ್ಲ. 1948ರವರೆಗೆ ನಿಜಾಮನ ರಾಜ್ಯ, ಶಾಲೆ ಇದ್ದಲ್ಲಿ ಉರ್ದು. ನಮ್ಮ ಮಂದಿಗೆ ನಾಟಕ ಅಂದರೆ ದೊಡ್ಡಾಟ, ಜಾತ್ರೆಯ ಕಂಪನಿ ನಾಟಕ. ಹೀಗಾಗಿ ಶೇಕ್ಸ್‌ಪಿಯರ್ ನಮ್ಮ ಹುಡುಗರಿಗೆ ಸಿಕ್ಕಿದ್ದು ಒಂದೋ ಬಿ.ಎ. ಪರೀಕ್ಷೆಯ ಗೈಡಿನಲ್ಲಿ, ಇಲ್ಲಾ ಮೈಸೂರು, ಧಾರವಾಡದವರು ಮಾಡಿಕೊಟ್ಟ ಕನ್ನಡದಲ್ಲಿ.

ಆ ಕನ್ನಡ ಏನು ಮಾಡಿತು? 1889ರ 'ರಾಮವರ್ಮ ಲೀಲಾವತಿ'ಯಲ್ಲಿ ರೋಮಿಯೋ ಜೂಲಿಯೆಟ್‌ರ ಕಥೆ ಇದೆ. ಮೂಲದಲ್ಲಿ ಪ್ರೇಮಿಗಳು ಸಾಯುತ್ತಾರೆ, ಇಲ್ಲಿ ದೇವರ ದಯದಿಂದ ಎದ್ದು ಕೂಡುತ್ತಾರೆ. ಸಂಸ್ಕೃತ ನಾಟಕದ ಕಟ್ಟಳೆಗೆ ಮಂಗಳಾಂತ್ಯ ಬೇಕಿತ್ತು. 1895ರಲ್ಲಿ ಮ್ಯಾಕ್‌ಬೆತ್ 'ಪ್ರತಾಪರುದ್ರದೇವ'ನಾದ. ಹೆಸರು, ವೇಷ, ಮಾತಿನ ಧಾಟಿ ಎಲ್ಲವೂ ಅರಮನೆಯ ಪಂಡಿತರಿಗೆ ಒಗ್ಗುವ ಹಾಗಾದವು. ಮುಂದೆ ಬಿ.ಎಂ.ಶ್ರೀ. ಅವರು ರುದ್ರನಾಟಕವನ್ನು ಕನ್ನಡಕ್ಕೆ ತರಲು ಹೆಣಗಿದರು. ಡಿ.ವಿ.ಜಿ. ಮ್ಯಾಕ್‌ಬೆತ್‌ನ್ನೂ ಮಾಸ್ತಿಯವರು ಲಿಯರನನ್ನೂ ಅನುವಾದಿಸಿದರು. ಕುವೆಂಪು 'ಬಿರುಗಾಳಿ', 'ರಕ್ತಾಕ್ಷಿ'ಗಳನ್ನು ಬರೆದರು.

ಸತ್ತವರನ್ನು ಎಬ್ಬಿಸುವ ಈ ಚಟ ನಮ್ಮವರದಷ್ಟೇ ಅಲ್ಲ. ಇಂಗ್ಲೆಂಡಿನಲ್ಲೇ 1681ರಲ್ಲಿ ನೇಹಮ್ ಟೇಟ್ ಎಂಬವ 'ಕಿಂಗ್ ಲಿಯರ್' ತಿದ್ದಿ, ಸಾಯಬೇಕಾದ ಕಾರ್ಡೀಲಿಯಾಳಿಗೆ ಮದುವೆ ಮಾಡಿಸಿದ. ಸುಮಾರು 150 ವರ್ಷ ಅಲ್ಲಿನ ರಂಗದ ಮೇಲೆ ಆ ತಿದ್ದಿದ ನಾಟಕವೇ ನಡೆಯಿತು. ಉಂಡು ಸುಖವಾಗಿದ್ದವರಿಗೆ ಕಾರಣವಿಲ್ಲದ ಸಾವನ್ನು ನೋಡಲಾಗುವುದಿಲ್ಲ. ಅದಕ್ಕೆ ಒಂದು ನ್ಯಾಯ, ಒಂದು ಲೆಕ್ಕ ಬೇಕು. ನಮ್ಮಲ್ಲಿ ಆ ಲೆಕ್ಕಕ್ಕೆ ಕರ್ಮ ಅಂತ ಹೆಸರು. ಕೇರಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಫಲ, ಜೀತಕ್ಕಿದ್ದದ್ದೂ ಫಲ, ಬಾವಿಗೆ ಹೋಗಿ ಪೆಟ್ಟು ತಿಂದದ್ದೂ ಫಲ.

'ಲಿಯರ್' ಈ ಲೆಕ್ಕವನ್ನು ಒಡೆಯುತ್ತದೆ. ಅದರೊಳಗೂ ಕರ್ಮದ ಮಾತಿದೆ. ಅಪ್ಪನ ಕಣ್ಣು ಹೋದದ್ದು ಅವನ ಹಾದರಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಎಡ್ಗರ್ ಹೇಳುತ್ತಾನೆ. ಆದರೆ ಸ್ವಲ್ಪ ಹೊತ್ತಿಗೇ ಕಾರ್ಡೀಲಿಯಾಳ ಹೆಣ ಹೊತ್ತು ಮುದುಕ ಬರುತ್ತಾನೆ. ನಾಯಿಗೆ, ಕುದುರೆಗೆ, ಇಲಿಗೆ ಇರುವ ಉಸಿರು ನಿನಗ್ಯಾಕಿಲ್ಲ ಎಂದು ಕೇಳುತ್ತಾನೆ. ಉತ್ತರ ಇಲ್ಲ. ಅನ್ಯಾಯದ ಸಾವಿಗೆ ಸಬೂಬು ಹೇಳದ ನಾಟಕ ಇದು. ನಮಗೆ ಇದು ಹತ್ತಿರವಾಗುವುದಕ್ಕೆ ಮೊದಲ ಕಾರಣ ಇದೇ.

ಎರಡನೆಯ ಕಾರಣ ಮೂರನೇ ಅಂಕದಲ್ಲಿದೆ. ಬಿರುಮಳೆಯಲ್ಲಿ ಸಿಕ್ಕ ಲಿಯರ್ ಬಡವರನ್ನು ನೆನೆದು, ನಾನು ಇವರ ಕಡೆ ಲಕ್ಷ್ಯ ಕೊಡಲಿಲ್ಲವಲ್ಲ ಎಂದು ಹಳಹಳಿಸುತ್ತಾನೆ. ವಿಮರ್ಶಕರು ಈ ಭಾಗವನ್ನು ಬಹಳ ಮೆಚ್ಚುತ್ತಾರೆ. ಆದರೆ ಆಗ ಅವನೆದುರು ಬರುವ ಬೆತ್ತಲೆ ಭಿಕ್ಷುಕ ಯಾರು ನೋಡ್ರಿ: ವೇಷ ಮರೆಸಿದ ಎಡ್ಗರ್, ಅಂದರೆ ದೊಡ್ಡ ಮನೆತನದ ಮಗ. ಖರೇ ಭಿಕ್ಷುಕ ರಂಗಕ್ಕೇ ಬರುವುದಿಲ್ಲ! ಖರೇ ಬಡವ ಕಾಣುವುದು ಮುಂದಿನ ಒಂದು ದೃಶ್ಯದಲ್ಲಿ. ಕಾರ್ನ್‌ವಾಲ್ ದೊರೆ ಗ್ಲಾಸ್ಟರನ ಕಣ್ಣು ಕೀಳುವಾಗ, ಸಣ್ಣವನಿದ್ದಾಗಿಂದ ಆ ದೊರೆಯ ಹತ್ತಿರವೇ ದುಡಿದ ಆಳೊಬ್ಬ ಕತ್ತಿ ಹಿಡಿದು ಅಡ್ಡ ನಿಲ್ಲುತ್ತಾನೆ. ಒಬ್ಬ ಆಳು ಎದ್ದು ನಿಂತನೇ ಎಂದು ದೊರೆಸಾನಿಗೆ ಗಾಬರಿ. ಅವಳು ಹಿಂದಿನಿಂದ ಇರಿದು ಅವನನ್ನು ಕೊಲ್ಲುತ್ತಾಳೆ. ಆದರೆ ಅವನು ಮಾಡಿದ ಗಾಯದಿಂದ ದೊರೆಯೂ ಸಾಯುತ್ತಾನೆ. ಇಡೀ ನಾಟಕದಲ್ಲಿ ಅಧಿಕಾರಕ್ಕೆ ಎದುರು ನಿಂತು ಮೊದಲು ಕತ್ತಿ ಎತ್ತಿದವನು ಇವನೇ. ಪಠ್ಯದಲ್ಲಿ ಅವನಿಗೆ ಹೆಸರಿಲ್ಲ, 'ಮೊದಲ ಆಳು' ಅಷ್ಟೇ. ಪರೀಕ್ಷೆಯಲ್ಲಿ ಲಿಯರನ ದುರಂತ ದೋಷದ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಇರುತ್ತದೆ, ಈ ಆಳಿನ ಮೇಲೆ ಒಂದು ಮಾರ್ಕಿನದೂ ಇರುವುದಿಲ್ಲ.

'ಹ್ಯಾಮ್ಲೆಟ್' ನಾಟಕದಲ್ಲಿ ನಮಗೆ ಸೇರುವವರು ಕುಣಿ ತೋಡುವ ಇಬ್ಬರು. ನಮ್ಮ ಹಳ್ಳಿಗಳಲ್ಲಿ ಊರವರು ಸತ್ತರೆ ಸುದ್ದಿ ಮುಟ್ಟಿಸುವುದು, ಹಲಿಗೆ ಬಾರಿಸುವುದು, ಕುಣಿ ತೋಡುವುದು ಕೇರಿಯವರ ಬಿಟ್ಟಿ ಚಾಕರಿಯಾಗಿತ್ತು. ಕೈ ನಮ್ಮದು, ಮಣ್ಣು ಊರಿನದು. ಆ ಮಣ್ಣಿನಲ್ಲಿ ನಮ್ಮ ಹೆಣಕ್ಕೆ ಜಾಗವಿಲ್ಲ. ಆದ್ದರಿಂದ ಈ ದೃಶ್ಯ ನಮಗೆ ಬಿಡಿಸಿ ಹೇಳಬೇಕಾದದ್ದಲ್ಲ. ನೀರಿಗೆ ಬಿದ್ದು ಸತ್ತ ಒಫೀಲಿಯಾಳಿಗೆ ಧರ್ಮದ ಪ್ರಕಾರ ಮಣ್ಣು ಕೊಡುವುದು ಸರಿಯೋ ಎಂದು ಅವರಿಬ್ಬರು ವಾದಕ್ಕಿಳಿಯುತ್ತಾರೆ. ಆಕೆ ದೊಡ್ಡವರ ಮಗಳಲ್ಲದಿದ್ದರೆ ಈ ಮರ್ಯಾದೆ ಸಿಗುತ್ತಿತ್ತೇನು, ಸಾಯುವುದರಲ್ಲೂ ದೊಡ್ಡವರಿಗೇ ಹೆಚ್ಚಿನ ಹಕ್ಕು ಎಂದು ತೀರ್ಪು ಕೊಡುತ್ತಾರೆ. ಎಲ್ಲರಿಗಿಂತ ಗಟ್ಟಿ ಮನೆ ಕಟ್ಟುವವ ಯಾರು ಎಂದು ಒಗಟು ಹಾಕಿ, ಕುಣಿ ತೋಡುವವನೇ ಎಂದು ತಾವೇ ಬಿಡಿಸುತ್ತಾರೆ. ರಾಜಕುಮಾರ ಮಾತಿಗಿಳಿದರೆ ಅವನಿಗೂ ಸೋಲುವುದಿಲ್ಲ.

ಈ ದೃಶ್ಯ ಶಿಷ್ಟರ ಗಂಟಲಿಗೆ ಸಿಕ್ಕಿಕೊಂಡದ್ದು ಸಹಜ. ಫ್ರಾನ್ಸಿನ ವೋಲ್ತೇರ್ ಇದನ್ನು ಅಸಭ್ಯವೆಂದ. ಲಂಡನ್ನಿನ ದೊಡ್ಡ ನಟ ಡೇವಿಡ್ ಗ್ಯಾರಿಕ್ 1772ರಲ್ಲಿ ಇದನ್ನು ಕಿತ್ತೇ ಹಾಕಿ ನಾಟಕ ಆಡಿದ. ರಾಜಕುಮಾರನ ದುಃಖದ ನಡುವೆ ಈ ಕೀಳು ಮಂದಿ ಯಾಕೆ ಎಂಬುದು ಅವರ ತಕರಾರು. ಅಂದ್ರ, ಊರಿನಿಂದ ಹೊರಗಿಡುವ ಬುದ್ಧಿ ರಂಗದ ಮೇಲೂ ಕೆಲಸ ಮಾಡುತ್ತದೆ.

'ವೆನಿಸಿನ ವ್ಯಾಪಾರಿ' ಹೆಚ್ಚು ತೊಡಕಿನದು. ಶೈಲಾಕ್ ಸಾಲ ಕೊಡುವವ. ಸಾಲ ತೀರದೆ ತಲೆಮಾರುಗಟ್ಟಲೆ ಜೀತ ಮಾಡಿದವರಿಗೆ ಸಾವ್ಕಾರನ ಮೇಲೆ ಕನಿಕರ ಹುಟ್ಟುವುದು ಸುಲಭವಲ್ಲ. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಆದರೆ ಶೈಲಾಕ್ ಉಗುಳಿಸಿಕೊಂಡವನೂ ಹೌದು, ನಾಯಿ ಅನ್ನಿಸಿಕೊಂಡವನೂ ಹೌದು. ಉಗುಳಿದ ಬಾಯೇ ಇವತ್ತು ರೊಕ್ಕ ಕೇಳಲು ಬಂದಾಗ ಅವನು ಹಳೆಯದನ್ನೆಲ್ಲ ನೆನಪು ಮಾಡಿಕೊಡುತ್ತಾನೆ. ಅವನ ಕಣ್ಣು, ಕೈ, ನೆತ್ತರಿನ ಭಾಷಣ ಎಲ್ಲರಿಗೂ ಗೊತ್ತು. ದಲಿತ ಓದು ಒತ್ತಿ ಹೇಳಬೇಕಾದ ಮಾತು ನ್ಯಾಯಸಭೆಯಲ್ಲಿದೆ. ನಿಮ್ಮಲ್ಲಿ ಕೊಂಡು ತಂದ ಗುಲಾಮರಿದ್ದಾರೆ, ಅವರನ್ನು ಕತ್ತೆಯಂತೆ ದುಡಿಸುತ್ತೀರಿ, ಅವರನ್ನು ಬಿಡುಗಡೆ ಮಾಡಿ ನಿಮ್ಮ ಮಕ್ಕಳಿಗೆ ಮದುವೆ ಮಾಡಿಕೊಡಿ ಅಂದರೆ ಕೊಡುತ್ತೀರಾ ಎಂದು ಅವನು ಕೇಳುತ್ತಾನೆ. ಕರುಣೆಯ ಮಾತಾಡುತ್ತಿದ್ದ ಸಭೆಯಲ್ಲಿ ಯಾರೂ ಇದಕ್ಕೆ ಉತ್ತರಿಸುವುದಿಲ್ಲ. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಕೈಯಿಟ್ಟದ್ದು ಇದೇ ನರಕ್ಕೆ: ಅಂತರ್ಜಾತಿ ವಿವಾಹವಾಗದೆ ಜಾತಿ ಹೋಗದು.

ಕೊನೆಗೆ ಶೈಲಾಕನನ್ನು ಬಲವಂತವಾಗಿ ಕ್ರೈಸ್ತನನ್ನಾಗಿ ಮಾಡುತ್ತಾರೆ, ನಾಟಕ ಅದನ್ನು ಕರುಣೆ ಎಂದು ಕರೆಯುತ್ತದೆ. ಸೋತವನ ಮೇಲೆ ಹೇರಿದ ಮತಾಂತರ ಅದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮ ಸೇರಿದ್ದು ತಾವೇ ಆರಿಸಿಕೊಂಡು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಶೇಕ್ಸ್‌ಪಿಯರನ ಮಿತಿ ತಾನಾಗಿ ಕಾಣುತ್ತದೆ. ಅವನಿಗೆ ಗಾಯ ಗೊತ್ತಿತ್ತು, ಹೊರಬರುವ ದಾರಿ ಗೊತ್ತಿರಲಿಲ್ಲ.

ನಾಲ್ಕನೆಯದು 'ಕೊರಿಯೊಲೇನಸ್'. ನಮ್ಮ ತರಗತಿಗಳಿಗೆ ಅಷ್ಟಾಗಿ ಬಾರದ ನಾಟಕ. ಹಸಿದ ಜನ ಬಡಿಗೆ ಹಿಡಿದು ಬೀದಿಗೆ ಬರುವುದರಿಂದಲೇ ಶುರು. ಉಳ್ಳವರ ಕಣಜ ತುಂಬಿದೆ, ನಮಗೆ ಕಾಳಿಲ್ಲ ಎಂಬುದು ಅವರ ಮಾತು. ಈ ನಾಟಕಕ್ಕೆ ಸ್ವಲ್ಪ ಮುಂಚೆ, 1607ರಲ್ಲಿ, ಮಧ್ಯ ಇಂಗ್ಲೆಂಡಿನ ರೈತರು ಊರ ಹೊಲಗಳಿಗೆ ಬೇಲಿ ಹಾಕುವುದರ ವಿರುದ್ಧ ದಂಗೆ ಎದ್ದಿದ್ದರು. ನಾಟಕದಲ್ಲಿ ಮೆನೀನಿಯಸ್ ಎಂಬ ಹಿರಿಯ ಬಂದು ಜನರಿಗೆ ಕಥೆ ಹೇಳುತ್ತಾನೆ: ಸಮಾಜ ಒಂದು ಶರೀರ, ಶ್ರೀಮಂತರು ಹೊಟ್ಟೆ, ಹೊಟ್ಟೆ ಉಂಡರೇ ಕೈಕಾಲಿಗೆ ಬಲ. ಇದನ್ನು ಕೇಳಿದಾಗ ನಮಗೆ ಪುರುಷಸೂಕ್ತ ನೆನಪಾಗಲೇಬೇಕು. ಶರೀರದ ಅಂಗಗಳಂತೆ ವರ್ಣಗಳನ್ನು ಹಂಚಿದ ಆ ಕಥೆಯನ್ನು ಅಂಬೇಡ್ಕರ್ 1946ರ 'ಶೂದ್ರರು ಯಾರು?' ಗ್ರಂಥದಲ್ಲಿ ಬಿಚ್ಚಿ ಪರೀಕ್ಷಿಸಿದ್ದಾರೆ. ಅದರಲ್ಲಿ ಶೂದ್ರನಿಗೆ ಪಾದವಾದರೂ ಸಿಕ್ಕಿತು, ಅಸ್ಪೃಶ್ಯನಿಗೆ ಆ ಶರೀರದಲ್ಲಿ ಜಾಗವೇ ಇಲ್ಲ. ಮೆನೀನಿಯಸ್ಸನ ಕಥೆಗೆ ಒಬ್ಬ ನಾಗರಿಕ ನಡುನಡುವೆ ಬಾಯಿ ಹಾಕಿ ಪ್ರಶ್ನೆ ಕೇಳುತ್ತಾನೆ. ನೀನು ಈ ಗುಂಪಿನ ಕಾಲ್ಬೆರಳು ಎಂದು ಅವನನ್ನು ಹಂಗಿಸಲಾಗುತ್ತದೆ. ಅವನಿಗೂ ಹೆಸರಿಲ್ಲ, 'ಮೊದಲ ನಾಗರಿಕ'.

ಹಾಗಂತ ಶೇಕ್ಸ್‌ಪಿಯರ್ ನಮ್ಮ ಪಕ್ಷದವನೆಂದು ಮೆರವಣಿಗೆ ತೆಗೆಯಬೇಕಿಲ್ಲ. 1603ರಿಂದ ಅವನ ತಂಡ ದೊರೆಯ ಹೆಸರಿನ ತಂಡವೇ ಆಗಿತ್ತು. ದಂಗೆ ಎದ್ದ ಜನರನ್ನು ಅವನು ನಗೆಪಾಟಲು ಮಾಡಿದ್ದೂ ಉಂಟು. ಆದರೆ ನಾಟಕ ಎಂಬುದು ವಿಚಿತ್ರ ಮಾಧ್ಯಮ. ಮಾತಾಡಲು ಒಬ್ಬನನ್ನು ರಂಗಕ್ಕೆ ಬಿಟ್ಟ ಮೇಲೆ, ಅವನ ಮಾತಿಗೂ ಒಂದು ತೂಕ ಬಂದೇ ಬರುತ್ತದೆ. ಬರೆದವನ ಪಕ್ಷ ಯಾವುದೇ ಇರಲಿ, ಆಳು ಕತ್ತಿ ಎತ್ತಿದ್ದನ್ನು ಎಲ್ಲರೂ ನೋಡುತ್ತಾರೆ. ನಮಗೆ ಇವನ ನಾಟಕಗಳ ಆಕರ್ಷಣೆ ಇರುವುದು ಇಲ್ಲಿ.

ಇನ್ನು ಕನ್ನಡದ ಪ್ರಶ್ನೆ. ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ' ಮ್ಯಾಕ್‌ಬೆತ್‌ನ್ನು ನಮ್ಮ ನಾಯಕರ ಸೀಮೆಗೆ ಎಳೆದು ತಂದಿತು. ಹುಲುಗಪ್ಪ ಕಟ್ಟೀಮನಿ ಅದನ್ನು ಜೈಲಿನ ಕೈದಿಗಳ ಕೈಲಿ ಆಡಿಸಿದರು. ಸಿದ್ಧಲಿಂಗಯ್ಯನವರ 'ಪಂಚಮ', 'ಏಕಲವ್ಯ' ಹೆಸರಿಲ್ಲದವರಿಗೇ ನಡುರಂಗ ಕೊಟ್ಟವು. ಈ ದಾರಿಯಲ್ಲಿ ಮಾಡಬೇಕಾದ್ದು ಇನ್ನೂ ಇದೆ. ಕುಣಿ ತೋಡುವ ಇಬ್ಬರ ಮಾತು ಶಹಾಪುರ, ಸುರಪುರದ ಕೇರಿಯ ಮಾತಿನಲ್ಲಿ ಬರಬೇಕು, ಅದೂ ನಗಿಸುವ ಗಾವಿಲರ ಮಾತಾಗಿ ಅಲ್ಲ, ತರ್ಕ ಬಲ್ಲವರ ಮಾತಾಗಿ. ಅದನ್ನು ಕುಣಿ ತೋಡಿದವರ ಮೊಮ್ಮಕ್ಕಳೇ ಬರೆಯಬೇಕು. ಬಿ.ಎ. ತರಗತಿಯಲ್ಲಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿಗೆ ಕೂಡುವ ಕೇರಿಯ ಹುಡುಗ, ಹುಡುಗಿಯರಿಗೆ ಹೇಳಬೇಕಾದ್ದು ಇಷ್ಟೇ: ಗೈಡು ಮುಚ್ಚಿಡ್ರಿ. ಪಾತ್ರಗಳ ಪಟ್ಟಿಯ ಕೊನೆಯ ಸಾಲಿನಿಂದ ಓದಲು ಸುರು ಮಾಡ್ರಿ. ಅಲ್ಲಿ ಆಳುಗಳಿದ್ದಾರೆ, ನಾಗರಿಕರಿದ್ದಾರೆ, ಕುಣಿ ತೋಡುವವರಿದ್ದಾರೆ. ರಾಜರ ಕಡೆ ಆಮೇಲೆ ಹೋಗೋಣ.